ಕೋಟೆಯನ್ನು ಕೊನೆಗಿಟ್ಟ ಕಲಬುರಗಿ ಸಿಟಿ ಟೂರ್: ನಮಗಾದ ಅನುಭವ

ಕಲಬುರಗಿಯಲ್ಲಿ ಒಂದು ದಿನಕ್ಕೆ ಕಾರು ಮಾಡಿಕೊಂಡು ಊರು ನೋಡೋಣ ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರಾವೆಲ್ಸ್‌ನವರ ಹೆಸರು ಹಾಕುವುದಿಲ್ಲ. ಇದೇ ಥರದ ಪ್ಯಾಕೇಜನ್ನು ಬೇರೆಯವರೂ ಮಾರುತ್ತಾರೆ, ಹಾಗಾಗಿ ಹೆಸರಿಗಿಂತ ಏನಾಯಿತು ಅನ್ನುವುದು ಗೊತ್ತಾದರೆ ಜಾಸ್ತಿ ಉಪಯೋಗ. ಒಂದೇ ಮಾತಲ್ಲಿ ಬೇಕು ಅನ್ನುವವರಿಗೆ: ಐದಕ್ಕೆ ಎರಡು. ಆ ಎರಡೂ ಡ್ರೈವರ್ ಹುಡುಗನಿಗೆ.

ನಾವು ನಾಲ್ಕು ಜನ. ಅಪ್ಪ, ಅಮ್ಮ, ನಾನು, ಹತ್ತು ವರ್ಷದ ಮಗ. ಬೆಂಗಳೂರಿನಿಂದ ಹೊರಟು ಬಸವಕಲ್ಯಾಣ, ಬೀದರ್ ನೋಡಿಕೊಂಡು ಐದನೇ ದಿನ ಕಲಬುರಗಿ. ಅವತ್ತು ರಾತ್ರಿಯೇ ವಾಪಸ್ ರೈಲು. ಅಪ್ಪ ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವರು. ಬಹಮನಿ ಪಾಠ ಬಂದಾಗಲೆಲ್ಲ ಬೋರ್ಡ್ ಮೇಲೆ ಒಂದು ಚೌಕ ಬರೆದು, ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಅಂಗಳವೇ ಇಲ್ಲ, ಪೂರ್ತಿ ಚಾವಣಿ, ಇದು ಗೊತ್ತಿರಲಿ ಅನ್ನುತ್ತಿದ್ದರು. ನಾನೂ ಅದೇ ಶಾಲೆಯಲ್ಲಿ ಓದಿದವಳು, ಆ ಚೌಕ ನನಗೂ ನೆನಪಿದೆ. ಆದರೆ ಅಪ್ಪ ಆ ಮಸೀದಿಯನ್ನು ಕಣ್ಣಾರೆ ನೋಡಿರಲಿಲ್ಲ. ಕೆಲಸದಲ್ಲಿದ್ದಾಗ ಆಗಲಿಲ್ಲ, ನಿವೃತ್ತಿ ಆದ ಮೇಲೆ ಮಂಡಿ ನೋವು, ಆಮೇಲೆ ಕೊರೊನಾ, ಹೀಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಈ ಪ್ರವಾಸ ಹೊರಟಿದ್ದೇ ಅದಕ್ಕೆ ಅಂದರೂ ತಪ್ಪಿಲ್ಲ.

ಬೀದರ್ ತುಂಬಾ ಚೆನ್ನಾಗಿ ಆಗಿತ್ತು. ಯಾವ ಪ್ಯಾಕೇಜೂ ಇಲ್ಲ. ಆಟೋದವರೊಬ್ಬರನ್ನು ಮಾತಾಡಿಸಿದೆವು, ಎರಡು ದಿನ ಅವರೇ ಕರೆದುಕೊಂಡು ಓಡಾಡಿದರು. ಮಹಮೂದ್ ಗವಾನ್‌ನ ಮದರಸಾ ಮುಂದೆ ಅಪ್ಪ ಒಂದು ಗಂಟೆ ನಿಂತರು. 1472ರಲ್ಲಿ ಕಟ್ಟಿದ್ದು, ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಆಟೋದವರು ಅವಸರ ಮಾಡಲಿಲ್ಲ, ಚಹಾ ಕುಡಿದು ಬರ್ತೀನಿ, ನೀವು ನೋಡ್ರಿ ಅಂದರು. ಅಷ್ಟೇ ಸಾಕಾಗಿತ್ತು ನಮಗೆ.

ಕಲಬುರಗಿಗೂ ಹಾಗೇ ಮಾಡಬಹುದಿತ್ತು. ಆದರೆ ಒಂದೇ ದಿನ ಇತ್ತು, ರಾತ್ರಿ ರೈಲು, ಲಗೇಜ್ ಬೇರೆ. ಕಾರಾದರೆ ಅಪ್ಪ ಅಮ್ಮನಿಗೆ ಆರಾಮ ಅಂತ ಬೀದರಿನಿಂದಲೇ ಫೋನ್ ಮಾಡಿ ಬುಕ್ ಮಾಡಿದೆ. ಎಂಟು ಗಂಟೆ, ಎಂಬತ್ತು ಕಿಲೋಮೀಟರ್, ಎಂಟು ಪಾಯಿಂಟ್, ಜೊತೆಗೆ ಗೈಡ್. 3,400 ರೂಪಾಯಿ. ನಾನು ಕೇಳಿದ್ದು ಒಂದೇ: ಬೆಳಿಗ್ಗೆ ಏಳೂವರೆಗೆ ಗಾಡಿ ಬರಬೇಕು, ಮೊದಲು ಕೋಟೆ, ಆಮೇಲೆ ಉಳಿದದ್ದು ಯಾವ ಕ್ರಮದಲ್ಲಾದರೂ ಸರಿ. ಆ ಕಡೆಯವರು, "ಏನೂ ಟೆನ್ಶನ್ ಮಾಡ್ಕೋಬ್ಯಾಡ್ರಿ ಮೇಡಂ, ಎಲ್ಲಾ ತೋರಸ್ತೀವಿ" ಅಂದರು. ಸಾವಿರ ರೂಪಾಯಿ ಮುಂಗಡ ಹಾಕಿದೆ. ಕೋಟೆ ಮೊದಲು ಅನ್ನುವುದನ್ನು ವಾಟ್ಸಾಪಲ್ಲೂ ಬರೆದು ಕಳಿಸಿದೆ. ಓಕೆ ಅಂತ ಬಂತು.

ಬೀದರಿನಿಂದ ಕಲಬುರಗಿಗೆ 2017ರಿಂದ ನೇರ ರೈಲು ಮಾರ್ಗ ಇದೆ, ಆದರೆ ನಮಗೆ ಸಮಯ ಹೊಂದಲಿಲ್ಲ, ಹುಮನಾಬಾದ್ ಮೇಲೆ ಬಸ್ಸಲ್ಲೇ ಬಂದೆವು. ದಾರಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ತಗೊಂಡೆವು. ದಪ್ಪ ಸಿಪ್ಪೆ, ಒಳಗೆ ಬೆಣ್ಣೆ ಹಾಗೆ. ಎರಡೂ ಕಡೆ ಒಣಗುತ್ತಿರುವ ತೊಗರಿ ಹೊಲ. ರಾತ್ರಿ ಲಾಡ್ಜಲ್ಲಿ ಉಳಿದೆವು.

ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಅಪ್ಪ ರೆಡಿ. ಜೇಬಲ್ಲಿ ಸಣ್ಣ ಡೈರಿ, ಪೆನ್ನು. ಏಳೂವರೆ ಆಯಿತು, ಎಂಟಾಯಿತು. ಫೋನ್ ಮಾಡಿದರೆ ಗಾಡಿ ಹೊರಟಿದೆ ಅನ್ನುತ್ತಾರೆ. ಎಂಟೂವರೆಗೆ ಮಾಡಿದರೂ ಹೊರಟಿದೆ. ಅಷ್ಟರಲ್ಲಿ ಲಾಡ್ಜ್ ಎದುರಿನ ಬಂಡಿಯಲ್ಲಿ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆವು. ನೆನೆಸಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ. ಕಲಬುರಗಿಗೆ ಹೋದವರು ಹೋಟೆಲಲ್ಲಿ ಇಡ್ಲಿ ಹುಡುಕುವುದು ಬಿಟ್ಟು ಇದನ್ನು ತಿನ್ನಿ. ಮಗ ಎರಡು ಪ್ಲೇಟ್ ತಿಂದ.

ಗಾಡಿ ಬಂದಿದ್ದು ಒಂಬತ್ತು ಹತ್ತಕ್ಕೆ. ಡ್ರೈವರ್ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ, ಇಳಿದ ಕೂಡಲೇ ಅಪ್ಪನ ಕೈಯಿಂದ ಬ್ಯಾಗ್ ತಗೊಂಡ. ಅವನಿಗೆ ಹೇಳಿದ್ದೇ ಎಂಟೂಮುಕ್ಕಾಲಿಗೆ ಅಂತೆ. ಗೈಡ್ ಎಲ್ಲಿದ್ದಾರಪ್ಪ ಅಂದೆ. "ಗೈಡ್ ಬ್ಯಾರೆ ಯಾರೂ ಇಲ್ರಿ ಅಕ್ಕಾರ, ನಾನೇ ಹೇಳ್ತೀನ್ರಿ" ಅಂದ. ಹೇಳುವಾಗ ಅವನಿಗೇ ನಾಚಿಕೆ ಆಗಿತ್ತು.

ಸರಿ, ಕೋಟೆಗೆ ನಡಿ ಅಂದರೆ ಅವನು ಜೇಬಿಂದ ಒಂದು ಚೀಟಿ ತೆಗೆದ. ಆ ಚೀಟಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅವತ್ತಿನ ಎಲ್ಲಾ ತೊಂದರೆಗೂ ಮೂಲ ಅದೇ. ಬಿಲ್ ಪುಸ್ತಕದ ಹಾಳೆಯ ಹಿಂಭಾಗ, ನೀಲಿ ಪೆನ್ನಲ್ಲಿ ನಂಬರ್ ಹಾಕಿ ಬರೆದಿದ್ದರು. ಬುದ್ಧ ವಿಹಾರ, ಶಾಪಿಂಗ್, ಅಪ್ಪನ ಗುಡಿ, ಅಪ್ಪನ ಕೆರೆ, ಸೂಪರ್ ಮಾರ್ಕೆಟ್, ದರ್ಗಾ, ಹಫ್ತ್ ಗುಂಬಜ್, ಕೋಟೆ. ಒಂದೊಂದರ ಮುಂದೆ ಸಣ್ಣ ಡಬ್ಬಿ. ಜಾಗ ಮುಗಿದ ಮೇಲೆ ಡ್ರೈವರ್ ಅಲ್ಲಿ ಟಿಕ್ ಹಾಕಬೇಕು, ನಮ್ಮನ್ನು ಅಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದು ಆಫೀಸಿಗೆ ಕಳಿಸಬೇಕು. ಎಂಟು ಫೋಟೋ ಹೋದರೆ ಎಂಟು ಪಾಯಿಂಟ್ ಆಯಿತು ಅಂತ ಲೆಕ್ಕ. ಒಳಗೆ ಎಷ್ಟು ಹೊತ್ತು ಇದ್ದೆವು, ಏನು ನೋಡಿದೆವು, ಅದು ಲೆಕ್ಕಕ್ಕಿಲ್ಲ.

ಕೋಟೆ ಎಂಟನೆಯದು. ಬದಲಿಸಲು ಆಗುತ್ತಾ ಅಂದೆ. "ಆಫೀಸ್ನಾಗ ಬರದ್ ಕೊಟ್ಟಾರ್ರಿ, ನಾ ಏನ್ ಮಾಡ್ಲಿ" ಅಂದ. ನಾನೇ ಫೋನ್ ಮಾಡಿದೆ. ಬುದ್ಧ ವಿಹಾರ ಊರಾಚೆ ಇದೆ, ಮೊದಲು ದೂರದ್ದು ಮುಗಿಸಿದರೆ ಸಂಜೆ ಕೋಟೆ ನೋಡಿ ಅಲ್ಲಿಂದ ಸ್ಟೇಷನ್‌ಗೆ ಬಿಡಲು ಅನುಕೂಲ ಅಂದರು. ನಾನು ವಾಟ್ಸಾಪಲ್ಲಿ ಬರೆದದ್ದು ನೆನಪಿಸಿದರೆ ಸಂಜೆ ತಂಪಿರುತ್ತದೆ ಮೇಡಂ, ವಯಸ್ಸಾದವರಿಗೆ ಅದೇ ಒಳ್ಳೆಯದು ಅಂದರು. ಆ ಮಾತಿಗೆ ನಾನು ಒಪ್ಪಬಾರದಿತ್ತು. ಆದರೆ ಅಪ್ಪ ಪಕ್ಕದಲ್ಲೇ ಇದ್ದರು, "ಪರವಾಗಿಲ್ಲ ಬಿಡಮ್ಮ, ಸಂಜೆ ಆದ್ರೆ ನಿಧಾನಕ್ಕೆ ನೋಡಬಹುದು" ಅಂದರು. ಹೊರಟೆವು.

ಬುದ್ಧ ವಿಹಾರ ಸೇಡಂ ರಸ್ತೆಯಲ್ಲಿ, ವಿಶ್ವವಿದ್ಯಾಲಯದ ಹತ್ತಿರ. 2009ರಲ್ಲಿ ಶುರುವಾದದ್ದು. ದೊಡ್ಡ ಬಿಳಿ ಗುಮ್ಮಟ, ಒಳಗೆ ತಣ್ಣಗೆ, ಶಾಂತ. ಬೆಳಗಿನ ಹೊತ್ತು ಜನ ಇರಲಿಲ್ಲ. ಅಮ್ಮ ಅರ್ಧ ಗಂಟೆ ಸುಮ್ಮನೆ ಕೂತಿದ್ದರು. ಈ ಒಂದು ಜಾಗ ಮಾತ್ರ ಅವತ್ತು ನೆಮ್ಮದಿಯಾಗಿ ನೋಡಿದ್ದು.

ಅಲ್ಲಿಂದ ಎರಡನೇ ಡಬ್ಬಿ, ಶಾಪಿಂಗ್. ನಾವು ಬೇಡ ಅಂದೆವು. ಹತ್ತು ನಿಮಿಷ ಒಳಗೆ ಹೋಗಿ ಬನ್ನಿ, ಇಲ್ಲದಿದ್ದರೆ ನನ್ನನ್ನು ಕೇಳ್ತಾರೆ ಅಂತ ಹುಡುಗ ಅಂಗಲಾಚಿದ, ಪಾಪ. ಹೋದೆವು. ಹತ್ತು ನಿಮಿಷ ಐವತ್ತು ನಿಮಿಷ ಆಯಿತು. ಬೇಳೆ, ಚಟ್ನಿಪುಡಿ, ಸೀರೆ, ಬಿದ್ರಿ ಸಾಮಾನು ಎಲ್ಲಾ ಒಂದೇ ಕಡೆ. ಬಾಗಿಲಲ್ಲಿ ನಿಂತವನು ಹೊರಗೆ ಬಿಡಲೇ ಇಲ್ಲ, ಇದು ನೋಡಿ, ಇನ್ನೊಂದು ನೋಡಿ ಅಂತ ಒಂದಾದ ಮೇಲೆ ಒಂದು ತೆಗೆದು ಇಡುತ್ತಲೇ ಇದ್ದ. ಅಪ್ಪನಿಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಕೊಟ್ಟು ಕೂರಿಸಿದ್ದರು.

ಬಿದ್ರಿ ವಿಷಯ ಹೇಳಲೇಬೇಕು. ಎರಡು ದಿನ ಮುಂಚೆ ಬೀದರಿನಲ್ಲಿ ಕೆಲಸಗಾರರು ಕೂತು ಮಾಡುವುದನ್ನೇ ನೋಡಿಕೊಂಡು ಬಂದಿದ್ದೆವು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ತಟ್ಟುತ್ತಾರೆ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ನೀರಲ್ಲಿ ಹಾಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗೇ ಉಳಿಯುತ್ತದೆ. ಆ ಕಪ್ಪು ಲೋಹದ್ದೇ, ಮೇಲೆ ಬಳಿದದ್ದಲ್ಲ. ಇಲ್ಲಿ ಅಂಗಡಿಯವನು 1,800 ರೂಪಾಯಿ ಅಂತ ಒಂದು ಸಣ್ಣ ಆನೆ ಕೈಗಿಟ್ಟ. ನೀರು ಕುಡಿಯುವಾಗ ಕೈ ಒದ್ದೆ ಆಗಿತ್ತು, ಹೆಬ್ಬೆರಳು ಸೊಂಡಿಲ ಮೇಲೆ ಉಜ್ಜಿದೆ, ಬೆರಳಿಗೆ ಮಸಿ ಬಂತು. ಸೊಂಡಿಲಿನ ತುದಿಯಲ್ಲಿ ಬೂದು ಬಣ್ಣ ಕಾಣಿಸಿತು. ಬೆಳ್ಳಿ ಅಂದದ್ದೂ ಬರೀ ಬಣ್ಣದ ಗೆರೆ. ಸುಮ್ಮನೆ ವಾಪಸ್ ಇಟ್ಟೆ. 2006ರಲ್ಲೇ ಬಿದ್ರಿಗೆ ಭೌಗೋಳಿಕ ಗುರುತು (ಆ ಊರಿನದ್ದೇ ಅಂತ ಕೊಡುವ ಜಿಐ ಟ್ಯಾಗ್) ಸಿಕ್ಕಿದೆ, ಹೊಗೆ ಕುಡಿದು, ಬೆನ್ನು ಬಗ್ಗಿಸಿ ಆ ಕೆಲಸ ಮಾಡುವವರ ಹೆಸರಲ್ಲಿ ಇಂಥದ್ದನ್ನು ಮಾರುವುದು ನೋಡಿ ನಿಜಕ್ಕೂ ಸಿಟ್ಟು ಬಂತು. ಬಿದ್ರಿ ಬೇಕಾದರೆ ದಯವಿಟ್ಟು ಬೀದರಿನಲ್ಲೇ, ಮಾಡುವವರ ಹತ್ತಿರವೇ ತಗೊಳ್ಳಿ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ.

ಅಮ್ಮ ಅಲ್ಲಿ ಎರಡು ಕಿಲೋ ತೊಗರಿಬೇಳೆ ತಗೊಂಡರು. ಬೇಳೆ ಚೆನ್ನಾಗೇ ಇದೆ, ಮನೆಗೆ ಬಂದು ಬೇಯಿಸಿದೆವು, ಬೇಗ ಬೆಂದು ಹದವಾಗಿ ಕರಗುತ್ತದೆ. ಕಲಬುರಗಿ ಬೇಳೆಗೆ 2019ರಲ್ಲಿ ಅದೇ ಗುರುತು ಸಿಕ್ಕಿದ್ದು ಸುಮ್ಮನೆ ಅಲ್ಲ. ಆದರೆ ಅದೇ ಬೇಳೆ ಮಾರ್ಕೆಟ್ಟಲ್ಲಿ ಕಿಲೋಗೆ ನಲವತ್ತು ರೂಪಾಯಿ ಕಡಿಮೆ ಇತ್ತು, ಅದು ಆಮೇಲೆ ಗೊತ್ತಾಯಿತು.

ಅಪ್ಪನ ಗುಡಿ ಅಂದರೆ ಶರಣಬಸವೇಶ್ವರ ದೇವಸ್ಥಾನ. ಇಲ್ಲಿಯ ಜನ ಹಾಗೇ ಕರೆಯುವುದು. 1746ರಿಂದ 1822ರವರೆಗೆ ಬದುಕಿದ್ದ ಶರಣರು, ದಾಸೋಹಕ್ಕೆ ಹೆಸರಾದವರು. ದರ್ಶನ ಚೆನ್ನಾಗಾಯಿತು. ಪ್ರಸಾದ ಮಾಡಿಕೊಂಡು ಹೋಗಿ ಅಂತ ಒಬ್ಬ ಅಜ್ಜಿ ಅಮ್ಮನ ಕೈ ಹಿಡಿದು ಹೇಳಿದರು. ಅಮ್ಮನಿಗೆ ಕೂರುವ ಆಸೆ. ಡ್ರೈವರ್ ಗಡಿಯಾರ ನೋಡಿದ, ನಾವು ಎದ್ದೆವು. ಈಗ ಯೋಚಿಸಿದರೆ ಅಲ್ಲೇ ಉಂಡಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ. ಕೆರೆಯನ್ನು ಕಾರಿನ ಕಿಟಕಿಯಿಂದ ನೋಡಿದೆವು, ಫೋಟೋ ಹೋಯಿತು, ಟಿಕ್ ಬಿತ್ತು.

ಆಮೇಲೆ ಐದನೇ ಪಾಯಿಂಟ್, ಸೂಪರ್ ಮಾರ್ಕೆಟ್ ಅಂತ ಕರೆಯುವ ಊರಿನ ಮಾರ್ಕೆಟ್ ಪ್ರದೇಶ. ದಿನ ಕೆಟ್ಟಿದ್ದು ಇಲ್ಲಿ.

ಮಾರನೇ ದಿನ ಎಳ್ಳ ಅಮವಾಸ್ಯೆ. ನಮಗೆ ಗೊತ್ತಿರಲಿಲ್ಲ. ನಮ್ಮ ತುಮಕೂರು ಕಡೆ ಅದು ಅಷ್ಟು ದೊಡ್ಡದಾಗಿ ಇಲ್ಲ. ಇಲ್ಲಿ ಅದು ವರ್ಷದ ದೊಡ್ಡ ಹಬ್ಬ. ಮನೆಮಂದಿ, ನೆಂಟರು, ಸ್ನೇಹಿತರು ಎಲ್ಲಾ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಬೆಳೆಯ ನಡುವೆ ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡುತ್ತಾರೆ, ಹೊಲದ ತುಂಬಾ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ, ಅಲ್ಲೇ ಕೂತು ಊಟ. ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಶೇಂಗಾ ಹೋಳಿಗೆ. ಎಲ್ಲಕ್ಕಿಂತ ಮುಖ್ಯ ಭಜ್ಜಿ. ಇದು ನಮ್ಮ ಕಡೆಯ ಬಜ್ಜಿ ಅಲ್ಲ, ಕರಿದದ್ದಲ್ಲ. ಸಿಕ್ಕ ಸೊಪ್ಪು, ಸಿಕ್ಕ ಹಸಿ ಕಾಳು ಎಲ್ಲಾ ಸೇರಿಸಿ ಬೇಯಿಸಿ ಕಡಲೆಹಿಟ್ಟು ಹಾಕಿ ಕುದಿಸುವ ಪಲ್ಯ. ಹಾಗಾಗಿ ಹಿಂದಿನ ದಿನ ಊರಿಗೆ ಊರೇ ಸೊಪ್ಪು ಕಾಳು ತರಲು ಮಾರ್ಕೆಟ್ಟಿಗೆ ಬರುತ್ತದೆ. ಸುತ್ತಲಿನ ಹಳ್ಳಿಯವರೂ ಬರುತ್ತಾರೆ.

ಆ ದಿನ, ಮಧ್ಯಾಹ್ನ ಹನ್ನೆರಡೂವರೆಗೆ, ನಮ್ಮನ್ನು ಕಾರಲ್ಲಿ ಅಲ್ಲಿಗೆ ಕಳಿಸಿದರು.

ಒಂದು ಗಂಟೆ ನಲವತ್ತು ನಿಮಿಷ. ಕಾರು ಮುಂದೆ ಹೋಗಲ್ಲ, ಹಿಂದೆ ಬರಲ್ಲ. ಎಡಗಡೆ ಟಂಟಂ ಆಟೋ, ಬಲಗಡೆ ಕಬ್ಬಿನ ಜಲ್ಲೆ ಕಟ್ಟಿದ ಬೈಕು, ಮುಂದೆ ತಳ್ಳುಗಾಡಿ. ಹಾರ್ನ್ ಶಬ್ದಕ್ಕೆ ಅಮ್ಮ ಕಿವಿಗೆ ಸೆರಗು ಒತ್ತಿಕೊಂಡಿದ್ದರು. ಅಪ್ಪನಿಗೆ ಮಂಡಿ ಮಡಚಿ ಕೂತು ಕೂತು ನೋವು ಜಾಸ್ತಿಯಾಯಿತು. ಆ ಜನರ ಮೇಲೆ ನನಗೆ ಒಂಚೂರೂ ಬೇಸರ ಇಲ್ಲ. ಹಬ್ಬದ ಸಂತೆ ಹಾಗೇ ಇರಬೇಕು. ನನ್ನ ಕಿಟಕಿಗೆ ತಾಗಿಕೊಂಡೇ ಒಬ್ಬ ಹೆಂಗಸು ಗೋಣಿಚೀಲದ ಮೇಲೆ ಕೂತಿದ್ದರು. ಮುಂದೆ ಹಸಿ ಕಡಲೆ ಗಿಡದ ಕಟ್ಟು, ಪುಂಡಿ ಸೊಪ್ಪು, ಮೆಂತ್ಯ, ಹಸಿ ತೊಗರಿಕಾಯಿ, ಅವರೆ. ಗಿರಾಕಿಗೆ ಎಲ್ಲದರಲ್ಲೂ ಒಂದೊಂದು ಹಿಡಿ ಎತ್ತಿ ಒಂದೇ ಕಟ್ಟು ಮಾಡಿ ಜೋಳದ ದಂಟಿನ ಸಿಪ್ಪೆಯಲ್ಲಿ ಸುತ್ತಿ ಕೊಡುತ್ತಿದ್ದರು. ಎಷ್ಟು ಜನ ಮನೆಯಲ್ಲಿ ಅಂತ ಕೇಳಿ ಅದಕ್ಕೆ ತಕ್ಕಂತೆ ಹಿಡಿ. ತಕ್ಕಡಿ ಮುಟ್ಟಲೇ ಇಲ್ಲ. ಮಗ ಕಿಟಕಿಯಿಂದ ನೋಡುತ್ತಿದ್ದದ್ದು ಕಂಡು ನಾಲ್ಕು ಕಡಲೆ ಗಿಡ ಅವನ ಕೈಗೆ ಕೊಟ್ಟರು. ದುಡ್ಡು ಬೇಡ ಅಂದರು. ಅವನಿಗೆ ಜಾಮ್ ಹೇಗೆ ಕಳೆಯಿತೋ ಗೊತ್ತಿಲ್ಲ, ಸುಲಿದು ತಿನ್ನುತ್ತಾ ಕೂತ.

ಆದರೆ ಆಫೀಸಿನವರು ಅದೇ ಊರಿನವರಲ್ವಾ? ನಾಳೆ ಎಳ್ಳ ಅಮವಾಸ್ಯೆ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತಾ? ಮೇಡಂ, ಅವತ್ತು ಮಾರ್ಕೆಟ್ ಕಡೆ ಕಾರು ಹೋಗಲ್ಲ, ಬೆಳಿಗ್ಗೆ ಬೇಗ ಕೋಟೆ, ದರ್ಗಾ ಮುಗಿಸಿಬಿಡಿ ಅಂತ ಒಂದು ಮಾತು ಸಾಕಿತ್ತು. ನಾವು ಗೈಡ್ ಅಂತ ದುಡ್ಡು ಕೊಟ್ಟಿದ್ದು ಆ ಒಂದು ಮಾತಿಗೆ. ಊರಿನ ಹಬ್ಬ, ಸಂತೆ, ಬಿಸಿಲು, ಬೆಳಕು ಇವೆಲ್ಲ ಗೊತ್ತಿರುವವರು ಜೊತೆಗಿರಲಿ ಅಂತ ತಾನೆ ಹೊರಗಿನವರು ಸ್ಥಳೀಯರ ಹತ್ತಿರ ಹೋಗುವುದು. ಇವರು ಊರು ತಿಳಿದಿದ್ದೂ ಹೇಳಲಿಲ್ಲ. ವರ್ಷದ ಮುನ್ನೂರ ಅರವತ್ತೈದು ದಿನವೂ ಅದೇ ಚೀಟಿ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ಅದರಿಂದ ಹುಟ್ಟಿದ್ದು.

ಜಾಮಿಂದ ಹೊರಬಿದ್ದು ಊಟಕ್ಕೆ ಕೂತಾಗ ಎರಡೂಮುಕ್ಕಾಲು. ಪ್ಯಾಕೇಜಿನವರು ಹೇಳಿದ ಹೋಟೆಲ್ ಬೇಡ, ನೀನು ಎಲ್ಲಿ ಉಣ್ಣುತ್ತೀಯೋ ಅಲ್ಲಿಗೇ ಕರೆದುಕೊಂಡು ಹೋಗು ತಮ್ಮಾ ಅಂತ ಅಪ್ಪ ಅಂದರು. ಒಂದು ಸಣ್ಣ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಒಳಗೆ ರೊಟ್ಟಿ ಬಡಿಯುವ ಶಬ್ದ ಕೇಳುತ್ತಿತ್ತು, ತಟ್ಟೆ ಖಾಲಿಯಾಗುವ ಮೊದಲೇ ಇನ್ನೊಂದು ಬಂದು ಬೀಳುತ್ತಿತ್ತು. ಸಾಕು ಅಂದರೂ "ಅರ್ಧಾರ ತಗೋರಿ ಅಜ್ಜಾರ" ಅಂತ ಅಪ್ಪನಿಗೆ ಬಡಿಸಿದರು. ಐದು ಜನಕ್ಕೆ 600 ರೂಪಾಯಿ. ಇವರಿಗಾದರೆ ನಾನು ಐದಕ್ಕೆ ಐದು ಕೊಡುತ್ತೇನೆ.

ದರ್ಗಾ ತಲುಪಿದಾಗ ನಾಲ್ಕು. ಖ್ವಾಜಾ ಬಂದೇ ನವಾಜರು ದೆಹಲಿ ಕಡೆಯಿಂದ ವಯಸ್ಸಾದ ಮೇಲೆ ಇಲ್ಲಿಗೆ ಬಂದವರು, 1422ರಲ್ಲಿ ತೀರಿಕೊಂಡರು. ಎಲ್ಲಾ ಜಾತಿ ಧರ್ಮದವರೂ ಬರುತ್ತಾರೆ, ನಾವು ಹೋದಾಗಲೂ ಕುಂಕುಮ ಹಚ್ಚಿದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಸಾಲಲ್ಲಿ ನಿಂತಿದ್ದರು. ಜನ ತುಂಬಾ ಇದ್ದರು. ಅಪ್ಪ ಹೊರಗಿನ ಕಟ್ಟೆ ಮೇಲೆ ಕೂತುಬಿಟ್ಟರು, ಮಂಡಿ ಸಹಕರಿಸಲಿಲ್ಲ. ನಾವು ಬೇಗ ಹೋಗಿ ಬಂದೆವು.

ಹಫ್ತ್ ಗುಂಬಜ್ ಅಲ್ಲಿಂದ ಹತ್ತಿರ. ಬಹಮನಿ ಸುಲ್ತಾನರ ಗೋರಿಗಳು, ಅದರಲ್ಲಿ ಫಿರೋಜ್ ಷಾನದ್ದು ದೊಡ್ಡದು, ಜೋಡಿ ಗುಮ್ಮಟ. ಒಳಗಿನ ಗಾರೆ ಕೆಲಸ ನೋಡಬೇಕು ಅಂತ ಅಪ್ಪ ಡೈರಿಯಲ್ಲಿ ಬರೆದುಕೊಂಡಿದ್ದರು. ಏಳು ನಿಮಿಷ ಸಿಕ್ಕಿತು. ಗೇಟ್ ಹತ್ತಿರ ನಿಂತು ಫೋಟೋ, ಅಷ್ಟೇ. ಕೋಟೆಗೆ ಹೊತ್ತಾಗುತ್ತದೆ ಅಂತ ಈ ಸಲ ನಾವೇ ಅವಸರ ಮಾಡಿದೆವು.

ವಾಪಸ್ ಬರುವಾಗ ಮತ್ತೆ ಟ್ರಾಫಿಕ್. ಕೋಟೆ ಬಾಗಿಲು ದಾಟಿದಾಗ ಐದು ನಲವತ್ತು. ಚಳಿಗಾಲ, ಸೂರ್ಯ ಆಗಲೇ ಇಳಿದಿದ್ದ.

ಆ ಮಸೀದಿ ಬೆಳಕಿಗೆ ಯಾಕೆ ಹೊಂದಿಕೊಂಡಿದೆ ಅಂತ ಹೇಳಿದರೆ ನಮ್ಮ ಬೇಜಾರು ಅರ್ಥ ಆಗುತ್ತದೆ. ಹಸನ್ ಬಹಮನ್ ಷಾ 1347ರಲ್ಲಿ ಬಹಮನಿ ರಾಜ್ಯ ಶುರು ಮಾಡಿ ಈ ಊರನ್ನು ರಾಜಧಾನಿ ಮಾಡಿಕೊಂಡ. ಮಸೀದಿ ಅವನ ಮಗನ ಕಾಲದ್ದು, 1367ರದ್ದು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ, ಬೆಳಕು ಅಲ್ಲಿಂದ ಬರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಸುಮಾರು 216 ಅಡಿಗೆ 176 ಅಡಿ, ಪೂರ್ತಿ ಚಾವಣಿ, ಮೇಲೆ ಸಾಲು ಸಾಲು ಸಣ್ಣ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ಪಶ್ಚಿಮಕ್ಕೆ ಒಂದು ದೊಡ್ಡದು. ಹಾಗಾದರೆ ಒಳಗೆ ಬೆಳಕು ಎಲ್ಲಿಂದ? ಸುತ್ತಲಿನ ತೆರೆದ ಕಮಾನುಗಳಿಂದ, ಪಕ್ಕದಿಂದ ಬರಬೇಕು. ಬೆಳಿಗ್ಗೆ ಬಿಸಿಲು ಓರೆಯಾಗಿ ಒಳಗೆ ಹರಿದು ಕಂಬದಿಂದ ಕಂಬಕ್ಕೆ ನೆರಳು ಬೀಳುತ್ತದೆ. ಅಪ್ಪನಿಗೆ ಮೊದಲು ಕೋಟೆ ನೋಡಬೇಕು ಅಂತ ಇದ್ದದ್ದು ಇದಕ್ಕೇ. ಮೂವತ್ತೊಂದು ವರ್ಷ ಬೋರ್ಡ್ ಮೇಲೆ ಚೌಕ ಬರೆದವರಿಗೆ ಆ ಬೆಳಕು ಹೇಗೆ ಬರುತ್ತದೆ ಅಂತ ನೋಡಬೇಕಿತ್ತು.

ನಾವು ಒಳಗೆ ಕಾಲಿಟ್ಟಾಗ ಕತ್ತಲೆ. ಮೊದಲ ಎರಡು ಸಾಲು ಕಂಬ ಕಂಡವು, ಆಚೆಗೆ ಏನೂ ಇಲ್ಲ. ಬದಿಯ ಓಣಿಯ ಕಮಾನು ತುಂಬಾ ಅಗಲ, ತುಂಬಾ ತಗ್ಗಿನಿಂದ ಏಳುತ್ತದೆ, ಮಗ ಅದರ ಬುಡಕ್ಕೆ ಕೈ ಹಚ್ಚಿ ನಿಂತ. ಅಪ್ಪ ಮೊಬೈಲ್ ಟಾರ್ಚ್ ಹಾಕಿದರು. ಆ ಟಾರ್ಚಿನ ಬೆಳಕು ಒಂದು ಕಂಬದ ಅರ್ಧಕ್ಕೆ ಹೋಗಿ ನಿಂತಿತು. ಮೇಲೆ ಗುಮ್ಮಟದ ಒಳಮೈಗೆ ತಿರುಗಿಸಿದರು, ಅಲ್ಲಿಗೆ ಮುಟ್ಟಲೇ ಇಲ್ಲ. "ತಾತ, ಬೆಳಕು ಎಲ್ಲಿಂದ ಬರುತ್ತೆ ತೋರಿಸ್ತೀನಿ ಅಂದಿದ್ಯಲ್ಲ" ಅಂತ ಮಗ ಕೇಳಿದ. ಅಪ್ಪ ಕಮಾನಿನ ಕಡೆ ಕೈ ತೋರಿಸಿ, ಅಲ್ಲಿಂದ ಬರಬೇಕಪ್ಪ, ಈಗ ಹೊತ್ತು ಹೋಯ್ತು ಅಂದರು. ಹತ್ತು ನಿಮಿಷ ಆಗುವಷ್ಟರಲ್ಲಿ ಕಾವಲಿನವರು ಬಂದು ಹೊತ್ತಾಯಿತು, ಹೊರಡಿ ಅಂದರು. ಅವರದೇನೂ ತಪ್ಪಿಲ್ಲ, ಗೌರವದಿಂದಲೇ ಹೇಳಿದರು. ಬುರುಜಿನ ಮೇಲೆ 29 ಅಡಿಯ ತೋಪು ಇದೆ, ಮಗನಿಗೆ ಅದನ್ನು ತೋರಿಸುತ್ತೇನೆ ಅಂತ ಐದು ದಿನದಿಂದ ಹೇಳಿಕೊಂಡು ಬಂದಿದ್ದೆವು. ಅದೂ ಆಗಲಿಲ್ಲ.

ಹೊರಗೆ ಬಂದಾಗ ಡ್ರೈವರ್ ಫೋಟೋ ತೆಗೆಯಲು ಫೋನ್ ಎತ್ತಿದ. ಅಪ್ಪನ ಮುಖ ನೋಡಿ ಇಳಿಸಿಬಿಟ್ಟ. ಫ್ಲ್ಯಾಶ್ ಹಾಕಿ ಬರೀ ಬಾಗಿಲಿನ ಫೋಟೋ ತೆಗೆದು ಕಳಿಸಿದ.

ಕೊನೆಗೆ ದುಡ್ಡಿನ ವಿಷಯ. ಸ್ಟೇಷನ್‌ನಲ್ಲಿ ಇಳಿದಾಗ ಆರೂವರೆ. ಆಫೀಸಿನಿಂದ ಫೋನ್ ಬಂತು, ಮೂರು ಗಂಟೆ ಜಾಸ್ತಿ ಆಗಿದೆ, ಗಂಟೆಗೆ 250 ರಂತೆ 750 ಕೊಡಿ ಅಂತ. ಹೇಗೆ ಮೂರು ಗಂಟೆ ಅಂದರೆ ಬುಕಿಂಗ್ ಏಳೂವರೆಗೆ ಇದೆಯಲ್ಲ ಅಂದರು. ಗಾಡಿ ಬಂದಿದ್ದೇ ಒಂಬತ್ತು ಹತ್ತಕ್ಕೆ ಅಂತ ಡ್ರೈವರ್ ಹುಡುಗ ತಾನೇ ಫೋನ್ ತಗೊಂಡು ಹೇಳಿದ, ಅವನ ಕೆಲಸಕ್ಕೆ ತೊಂದರೆ ಆಗಬಹುದು ಅಂತ ಗೊತ್ತಿದ್ದೂ ಹೇಳಿದ. ಆಗ ಎರಡು ಗಂಟೆ ಅಂತ ಮಾಡಿ 500 ತಗೊಂಡರು. ಒಂದೂವರೆ ಗಂಟೆಯೂ ಪೂರ್ತಿ ಆಗಿರಲಿಲ್ಲ, ಅದರಲ್ಲಿ ಐವತ್ತು ನಿಮಿಷ ಅವರದೇ ಅಂಗಡಿಯಲ್ಲಿ ಹೋಗಿತ್ತು. ರೈಲಿನ ಹೊತ್ತಲ್ಲಿ ಜಗಳ ಬೇಡ ಅಂತ ಕೊಟ್ಟೆ. ಒಟ್ಟು 3,900. ಬೀದರಿನಲ್ಲಿ ಎರಡು ದಿನದ ಆಟೋಗೆ ಕೊಟ್ಟಿದ್ದು 2,200.

ನೀವು ಹೋಗುವುದಾದರೆ ಹೀಗೆ ಮಾಡಿ. ಬೆಳಿಗ್ಗೆ ಎದ್ದು ಆಟೋ ಹಿಡಿದು ಸೀದಾ ಕೋಟೆಗೆ ಹೋಗಿ, ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ಒಳಗೆ ನಡೆಯುವುದು ಸಾಕಷ್ಟಿದೆ, ನೀರು ಜೊತೆಗಿರಲಿ. ಆಮೇಲೆ ದರ್ಗಾ, ಹಫ್ತ್ ಗುಂಬಜ್ ಒಟ್ಟಿಗೆ. ಮಧ್ಯಾಹ್ನ ಅಪ್ಪನ ಗುಡಿ. ಬುದ್ಧ ವಿಹಾರಕ್ಕೆ ಸಂಜೆ ಹೋದರೂ ನಷ್ಟ ಇಲ್ಲ. ಯಾರನ್ನು ಬುಕ್ ಮಾಡಿದರೂ ಅವತ್ತು ಊರಲ್ಲಿ ಏನಿದೆ ಅಂತ ಮೊದಲು ಕೇಳಿ, ಹಬ್ಬವೋ ಜಾತ್ರೆಯೋ. ಶಾಪಿಂಗ್ ಬೇಡ ಅಂತ ಬರೆಸಿಕೊಳ್ಳಿ. ಸಮಯ ಗಾಡಿ ಬಂದ ಮೇಲೆ ಶುರು ಅಂತಲೂ ಬರೆಸಿಕೊಳ್ಳಿ.

ಎಳ್ಳ ಅಮವಾಸ್ಯೆಗೆ ಹೋಗಬೇಡಿ ಅಂತ ನಾನು ಹೇಳಲ್ಲ. ನಿಜ ಹೇಳಬೇಕೆಂದರೆ ಇನ್ನೊಂದು ದಿನ ಇಟ್ಟುಕೊಂಡೇ ಹೋಗಿ. ಸ್ಟೇಷನ್‌ನಲ್ಲಿ ಲಗೇಜ್ ಇಳಿಸುವಾಗ ಆ ಹುಡುಗ ಅಪ್ಪನಿಗೆ, "ಇವತ್ ಉಳೀರಿ ಅಜ್ಜಾರ. ನಾಳೆ ಮುಂಜಾನೆ ನಾನೇ ಕ್ವಾಟಿಗಿ ಕರ್ಕೊಂಡ್ ಹೋಗ್ತೀನಿ, ರೊಕ್ಕ ಬ್ಯಾಡ. ಆಮ್ಯಾಲ ನಮ್ಮ ಹೊಲಕ್ಕ ಬರ್ರಿ, ಭಜ್ಜಿ ರೊಟ್ಟಿ ಉಂಡು ಹೋಗ್ರಿ" ಅಂದ. ಬಾಯಿ ಮಾತಿಗೆ ಹೇಳಿದ್ದಲ್ಲ, ಫೋನಲ್ಲಿ ಅವರ ಅವ್ವನಿಗೂ ಹೇಳಿಬಿಟ್ಟಿದ್ದ. ಅಪ್ಪ ನನ್ನ ಮುಖ ನೋಡಿದರು. ನಾಲ್ಕು ಟಿಕೆಟ್ ಕನ್ಫರ್ಮ್ ಆಗಿದ್ದವು, ಮಗನಿಗೆ ಸೋಮವಾರ ಪರೀಕ್ಷೆ, ನನಗೆ ಆಫೀಸು. ಆಗಲ್ಲಪ್ಪ ಅಂದೆ. ಅಪ್ಪ ಅವನ ತಲೆ ಮುಟ್ಟಿ, ಮುಂದಿನ ವರ್ಷ ಬರ್ತೀನಿ ಅಂದರು.

ಮನೆಗೆ ಬಂದು ನಾಲ್ಕು ದಿನ ಆದ ಮೇಲೆ ಟ್ರಾವೆಲ್ಸ್‌ನವರು ಫೋನ್ ಮಾಡಿದ್ದರು, ಸೇವೆ ಹೇಗಿತ್ತು ಅಂತ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಎಂಟೂ ಪಾಯಿಂಟ್ ಆಗಿದೆಯಲ್ಲ ಮೇಡಂ, ಎಂಟು ಫೋಟೋ ನಮ್ಮ ಹತ್ತಿರ ಇದೆ ಅಂದರು. ಮುಂದಿನ ಸಲಕ್ಕೆ ಹತ್ತು ಪರ್ಸೆಂಟ್ ಕಡಿಮೆ ಮಾಡಿಕೊಡ್ತೀವಿ ಅಂದರು. ಕಡಿಮೆ ಮಾಡುವುದು ಬೇಡ, ನಿಮ್ಮ ಚೀಟಿಯಲ್ಲಿ ಕೋಟೆಯನ್ನು ಎಂಟರಿಂದ ಒಂದಕ್ಕೆ ತನ್ನಿ, ಇನ್ನೊಬ್ಬರಿಗಾದರೂ ಬೆಳಕಲ್ಲಿ ಕಾಣಲಿ ಅಂದೆ. ಆಫೀಸಲ್ಲಿ ಕೇಳಿ ನೋಡ್ತೀವಿ ಅಂದರು.